ಹಗ್ಗ ಹಿಡಿದವರು

ಭಾನುವಾರದ ಆರಾಧನೆಯ ಸಂದೇಶ, ಬೀದರ್
ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 9:23–27, 27:9–44, ಲೂಕ 14:28–30

ಭಾಲ್ಕಿಯಿಂದ ಬಂದವರಿಗೆ, ಔರಾದ್ ಕಡೆಯಿಂದ ನಸುಕಿನಲ್ಲೇ ಎದ್ದು ಮಕ್ಕಳು ಮರಿ ಕಟ್ಟಿಕೊಂಡು ಬಂದವರಿಗೆ, ಮನೆಯಲ್ಲಿ ಕೂತು ಮೊಬೈಲ್‌ನಲ್ಲಿ ಕೇಳುತ್ತಿರುವ ಕಾಯಿಲೆಯವರಿಗೆ, ದುಬೈ, ಮಸ್ಕತ್‌ನಲ್ಲಿ ದುಡಿಯುತ್ತಿರುವ ನಮ್ಮ ಹುಡುಗರಿಗೆ, ಎಲ್ಲರಿಗೂ ಕರ್ತನು ಸಮಾಧಾನ ಕೊಡಲಿ. ಆಮೆನ್.

ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯ ತೆಗೆಯಿರಿ. ಸಹೋದರಿ ಈಗ 23ರಿಂದ 27ರವರೆಗೆ ಓದಿದರು. ಸೌಲನು ದಮಸ್ಕದಲ್ಲಿದ್ದಾನೆ. ಸಭೆಯನ್ನು ಹಿಂಸಿಸಲು ಹೋದವನು ಈಗ ಯೇಸುವೇ ಕ್ರಿಸ್ತನೆಂದು ಸಾರುತ್ತಿದ್ದಾನೆ. ಅವನನ್ನು ಕೊಲ್ಲಬೇಕೆಂದು ಊರ ಬಾಗಿಲುಗಳಲ್ಲಿ ಹಗಲು ರಾತ್ರಿ ಕಾವಲು ಕೂತಿದ್ದಾರೆ. ಆಗ ಶಿಷ್ಯರು ಏನು ಮಾಡಿದರು? ರಾತ್ರಿ ಹೊತ್ತಿನಲ್ಲಿ ಅವನನ್ನು ಒಂದು ಹೆಡಿಗೆಯಲ್ಲಿ ಕೂಡಿಸಿ, ಗೋಡೆಯ ಮೇಲಿಂದ ಕೆಳಕ್ಕೆ ಇಳಿಸಿದರು. ಪೌಲನು ಇದನ್ನು ಮರೆಯಲಿಲ್ಲ. ಎರಡನೆಯ ಕೊರಿಂಥ 11ನೇ ಅಧ್ಯಾಯದ ಕೊನೆಯಲ್ಲಿ ತಾನೇ ನೆನಪು ಮಾಡಿಕೊಳ್ಳುತ್ತಾನೆ.

ಔರಾದ್ ಕಡೆಯ ಹಿರಿಯರಿಗೆ ಈ ಚಿತ್ರ ಬಿಡಿಸಿ ಹೇಳಬೇಕಿಲ್ಲ. ಬಾವಿ ತೋಡುವುದನ್ನು ನೀವು ನೋಡಿದ್ದೀರಿ. ಒಬ್ಬನು ಬುಟ್ಟಿಯಲ್ಲಿ ಕಾಲಿಟ್ಟು ಕೆಳಗೆ ಇಳಿಯುತ್ತಾನೆ. ನಾಲ್ಕು ಮಂದಿ ಮೇಲೆ ನಿಂತು ಹಗ್ಗ ಬಿಡುತ್ತಾರೆ. ಇಳಿಯುವವನ ಪ್ರಾಣ ಎಲ್ಲಿದೆ? ಮೇಲೆ ನಿಂತವರ ಅಂಗೈಯಲ್ಲಿದೆ. ಹೌದಿಲ್ರಿ? ಹಗ್ಗ ಹಿಡಿದವನು ಬೀಡಿ ಹಚ್ಚೋದಿಲ್ಲ. ಹಗ್ಗ ಹಿಡಿದವನು ಹಾದಿಯಲ್ಲಿ ಹೋಗುವವರನ್ನು ಮಾತಾಡಿಸೋದಿಲ್ಲ. ಕೈ ಉರಿದರೂ ಬಿಡೋದಿಲ್ಲ.

ಈಗ ಒಂದು ಪ್ರಶ್ನೆ. ದಮಸ್ಕದಲ್ಲಿ ಆ ರಾತ್ರಿ ಹಗ್ಗ ಹಿಡಿದವರ ಹೆಸರೇನು? ಹೇಳ್ರಿ. ಯಾರಿಗೂ ಗೊತ್ತಿಲ್ಲ. ಸತ್ಯವೇದದಲ್ಲಿ ಬರೆದಿಲ್ಲ. ಆದರೆ ಆ ರಾತ್ರಿ ಅವರು ಹಗ್ಗ ಬಿಟ್ಟಿದ್ದರೆ ರೋಮಾಪುರದವರಿಗೆ ಪತ್ರಿಕೆ ಇಲ್ಲ, ಕೊರಿಂಥದವರಿಗೆ ಪತ್ರಿಕೆ ಇಲ್ಲ, ಫಿಲಿಪ್ಪಿಯವರಿಗೂ ಇಲ್ಲ. ಹಲ್ಲೆಲೂಯಾ! ಹೆಡಿಗೆಯಲ್ಲಿ ಕೂತವನ ಹೆಸರು ಲೋಕಕ್ಕೆ ಗೊತ್ತು. ಹಗ್ಗ ಹಿಡಿದವರ ಹೆಸರು ಪರಲೋಕಕ್ಕೆ ಗೊತ್ತು.

ಈ ವಾಕ್ಯವನ್ನು ಇವತ್ತು ಯಾಕೆ ತೆಗೆದೆ ಎಂದರೆ, ನಮ್ಮ ಸಭೆಯ ಒಬ್ಬ ತಮ್ಮ ನನ್ನ ಹತ್ತಿರ ಒಂದು ಪ್ರಶ್ನೆ ತಂದಿದ್ದಾನೆ. ಹೆಸರು ಹೇಳುವುದಿಲ್ಲ. ವಿಷಯ ಹೇಳಲು ಅವನೂ ಅವರ ಅವ್ವನೂ ಒಪ್ಪಿದ್ದಾರೆ. ಭಾಲ್ಕಿ ತಾಲೂಕಿನ ಹುಡುಗ. ಕೆಲವು ವರ್ಷ ದುಬೈನಲ್ಲಿ ಕೆಲಸ ಮಾಡಿದ. ಅಲ್ಲಿ ಸ್ಕೈಡೈವಿಂಗ್ ಕಲಿತ. ಅಂದರೆ ವಿಮಾನದಿಂದ ಜಿಗಿದು ಪ್ಯಾರಾಚೂಟ್‌ನಲ್ಲಿ ಇಳಿಯುವುದು. ಮೊದಲ ಲೈಸನ್ಸ್‌ಗೆ ಕಡಿಮೆ ಎಂದರೂ 25 ಜಂಪ್ ಬೇಕಂತೆ. ಇವನು ಅದನ್ನು ಎಂದೋ ದಾಟಿ, 200ರ ಮೇಲೆ ಹೋಗಿದ್ದಾನೆ. ಸಂಬಳದಲ್ಲಿ ಊರಿಗೆ ಕಳಿಸಿ ಉಳಿದದ್ದೆಲ್ಲ ಆಕಾಶಕ್ಕೇ ಹೋಗಿದೆ. (ಸಭೆಯಲ್ಲಿ ನಗು.)

ನಗಬೇಡ್ರಿ. ಬೀದರ್‌ನ ಮಕ್ಕಳಿಗೆ ಆಕಾಶದ ಹುಚ್ಚು ಹಿಡಿದರೆ ಅದರಲ್ಲಿ ಆಶ್ಚರ್ಯ ಏನಿದೆ? 1996ರಲ್ಲಿ ವಾಯುಸೇನೆಯ ಸೂರ್ಯಕಿರಣ ತಂಡ ಕಟ್ಟಿದ್ದು ನಮ್ಮ ಬೀದರ್ ನೆಲೆಯಲ್ಲೇ. ಆಗ ಎಚ್‌ಎಎಲ್ ತಯಾರಿಸಿದ ಕಿರಣ್ ವಿಮಾನಗಳು, ಈಗ ಹಾಕ್ ವಿಮಾನಗಳು. 9 ವಿಮಾನ ಒಂದರ ರೆಕ್ಕೆಗೆ ಒಂದು ತಾಗುವಂತೆ ಹೋಗುವಾಗ ಹೊಲದಲ್ಲಿ ಕಳೆ ಕೀಳುವ ಅವ್ವನೂ ಸೊಂಟ ನೆಟ್ಟಗೆ ಮಾಡಿ ಮೇಲೆ ನೋಡುತ್ತಾಳೆ. 2020ರ ಫೆಬ್ರವರಿಯಿಂದ ನಮ್ಮ ಊರಿಗೆ ಪ್ರಯಾಣಿಕರ ವಿಮಾನ ನಿಲ್ದಾಣವೂ ಆಯಿತು. ಇಲ್ಲಿ ಬೆಳೆದ ಹುಡುಗರ ಕಣ್ಣು ಮೇಲಕ್ಕೇ ಹೋಗುತ್ತದೆ.

ಈಗ ಆ ತಮ್ಮನ ಪ್ರಶ್ನೆ ಇದು: "ಪಾಸ್ಟರ್, ನಾನು ಜಂಪ್ ಪೈಲಟ್ ಆಗಬೇಕಂತ ಮಾಡೀನಿ. ಜಿಗಿಯೋರನ್ನ ಮೇಲೆ ಒಯ್ಯೋ ವಿಮಾನ ನಡೆಸೋ ಕೆಲಸ. ಅಪ್ಪ ಎರಡು ಎಕರೆ ಮಾರತೀನಿ ಅಂತಾನ. ಅವ್ವ ಅಳ್ತಾಳ. ಔರಾದ್‌ದಾಗ ಇರೋ ಅಕ್ಕ, ಮಾವ ಬ್ಯಾಡ ಅಂತಾರ. ಕರ್ತ ಏನು ಹೇಳ್ತಾನ, ನೀವು ಪ್ರಾರ್ಥನೆ ಮಾಡಿ ಹೇಳ್ರಿ."

ಪ್ರಿಯರೇ, ಇಂಥ ಪ್ರಶ್ನೆಗೆ ಕಣ್ಣು ಮುಚ್ಚಿ, ಎರಡು ನಿಮಿಷ ಅನ್ಯಭಾಷೆಯಲ್ಲಿ ಪ್ರಾರ್ಥಿಸಿ, "ಹೋಗು, ಕರ್ತನು ಬಾಗಿಲು ತೆರೆದಿದ್ದಾನೆ" ಎಂದು ಹೇಳುವುದು ಸುಲಭ. ಹುಡುಗ ಖುಷಿ. ಪಾಸ್ಟರ್‌ಗೂ ಒಳ್ಳೆ ಹೆಸರು. ಆದರೆ ಮಾರಿಹೋಗುವುದು ಪಾಸ್ಟರ ಹೊಲ ಅಲ್ಲ. ಪ್ರವಾದನೆಯ ವರವನ್ನು ನಾನು ನಂಬುತ್ತೇನೆ, ಅದಕ್ಕಾಗಿ ಕರ್ತನಿಗೆ ಸ್ತೋತ್ರ. ಆದರೆ ಪವಿತ್ರಾತ್ಮನು ಮಾತಾಡದ ಕಡೆ ನಾನು ಮಾತಾಡುವುದಿಲ್ಲ. ಆತನು ಮೊದಲು ವಾಕ್ಯದ ಮೂಲಕ ಮಾತಾಡುತ್ತಾನೆ. ಆದ್ದರಿಂದ ವಾಕ್ಯಕ್ಕೆ ಹೋಗೋಣ. ಮೂರು ಮಾತು ಹೇಳುತ್ತೇನೆ.

ಮೊದಲನೆಯದು: ಬೇರೆಯವರ ಸಂತೋಷವನ್ನು ಹೊರಲು ನಿನಗೆ ಆಗುತ್ತದೋ?

ಆ ಕೆಲಸ ಏನು ಎಂದು ನಾನು ಅವನನ್ನು ಕೂಡಿಸಿಕೊಂಡು ಕೇಳಿದೆ. ಸೆಸ್ನಾ 182 ಎಂಬ ಚಿಕ್ಕ ವಿಮಾನ ಇದೆ. ಒಂದೇ ಇಂಜಿನ್. ಪೈಲಟ್ ಸೀಟು ಬಿಟ್ಟು ಉಳಿದ ಸೀಟು ತೆಗೆದಿರುತ್ತಾರೆ. ನಾಲ್ಕು ಮಂದಿ ಪ್ಯಾರಾಚೂಟ್ ಕಟ್ಟಿಕೊಂಡು ನೆಲಕ್ಕೇ ಕೂತಿರುತ್ತಾರೆ. ಅವರನ್ನು 10,000 ಅಡಿಗೆ ಏರಿಸಲು ಸುಮಾರು 20ರಿಂದ 25 ನಿಮಿಷ ಬೇಕು. ಮೇಲೆ ಹೋದ ಮೇಲೆ ಗಾಳಿ ಲೆಕ್ಕ ಹಾಕಿ, ಸರಿಯಾದ ಜಾಗದ ಮೇಲೆ ವಿಮಾನ ತಂದು, ವೇಗ ಕಡಿಮೆ ಮಾಡಬೇಕು. ಬಾಗಿಲು ತೆರೆಯುತ್ತದೆ. ಒಬ್ಬೊಬ್ಬರೇ ಹೋಗುತ್ತಾರೆ. ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗದಲ್ಲಿ ಬೀಳುವ ಅರ್ಧ ನಿಮಿಷದ ಆನಂದ ಅವರದು. ಪ್ಯಾರಾಚೂಟ್ ಬಿಚ್ಚಿದ ಮೇಲೆ ಹಕ್ಕಿಯ ಹಾಗೆ ತೇಲುವ ಆನಂದ ಅವರದು. ಕೆಳಗೆ ನಿಂತವರ ಚಪ್ಪಾಳೆ ಅವರದು. ಫೋಟೋ ಅವರದು.

ಪೈಲಟ್‌ಗೆ ಏನು? ಖಾಲಿ ವಿಮಾನ. ಅವನು ಬಾಗಿಲು ಹಾಕಿ ಒಬ್ಬನೇ ಕೆಳಗೆ ಬರಬೇಕು. ಅದೂ ಆರಾಮಾಗಿ ಅಲ್ಲ, ಮುಂದಿನ ತಂಡ ಕಾಯುತ್ತಿರುತ್ತದೆ. ಬೇಗ ಇಳಿಯಬೇಕು, ಆದರೆ ಕಾದ ಇಂಜಿನ್‌ಗೆ ಒಮ್ಮೆಲೇ ತಣ್ಣನೆ ಗಾಳಿ ಹೊಡೆಯದಂತೆ ಹದವಾಗಿ ಇಳಿಯಬೇಕು. ಮತ್ತೆ ನಾಲ್ವರನ್ನು ಹತ್ತಿಸಿಕೊಳ್ಳಬೇಕು. ಅವನ ಬೆನ್ನಿಗೂ ಸಾಮಾನ್ಯವಾಗಿ ಒಂದು ಪ್ಯಾರಾಚೂಟ್ ಇರುತ್ತದೆ. ಅದು ಖುಷಿಗೆ ಅಲ್ಲ, ಅಪಾಯಕ್ಕೆ.

ಆ ತಮ್ಮನಿಗೆ ಕೇಳಿದೆ: "ನಾಲ್ಕು ಮಂದಿ ಜಿಗಿದು ಹೋಗ್ತಾರ. ಬಾಗಿಲು ತೆರೆದೇ ಅದ. ನಿನಗ ಜಿಗಿಯೋದು ಬರ್ತದ. ಆದ್ರ ನೀ ಕೂತಿರಬೇಕು. ನಿನ್ನ ಎದಿಯಾಗ ಏನಾಗ್ತದ?" ಅವನು ಬಹಳ ಹೊತ್ತು ಮಾತಾಡಲಿಲ್ಲ. ಆ ಮೌನ ನನಗೆ ಒಳ್ಳೆಯದೆನಿಸಿತು. ತಟ್ಟನೆ ಉತ್ತರ ಕೊಟ್ಟಿದ್ದರೆ ನಾನು ಹೆದರುತ್ತಿದ್ದೆ.

ರೇಚಲ್ ಥಾಮಸ್ ಎಂಬ ಸಹೋದರಿಯ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬಹುದು. ರೈಲ್ವೆಯಲ್ಲಿ ಕೆಲಸ ಮಾಡುತ್ತಿದ್ದವರು. 1979ರಲ್ಲಿ ಮೊದಲ ಸಲ ಜಿಗಿದರು. 2002ರ ಏಪ್ರಿಲ್‌ನಲ್ಲಿ ಉತ್ತರ ಧ್ರುವದ ಮೇಲೆ 7,000 ಅಡಿಯಿಂದ ಜಿಗಿದರು. 2005ರಲ್ಲಿ ಪದ್ಮಶ್ರೀ ಬಂತು. ದೊಡ್ಡ ಧೈರ್ಯ, ಗೌರವಕ್ಕೆ ತಕ್ಕದ್ದು. ಅವರ ಹೆಸರು ಪುಸ್ತಕದಲ್ಲಿದೆ. ಆದರೆ ಆ ಮಂಜಿನ ಮೇಲೆ ಅವರನ್ನು ಅಷ್ಟು ಎತ್ತರಕ್ಕೆ ಒಯ್ದವರು ಯಾರು? ನಮ್ಮಲ್ಲಿ ಯಾರಾದರೂ ಕೇಳಿದ್ದೇವೆಯೇ? ವಾಯುಸೇನೆಯ ಆಕಾಶಗಂಗಾ ತಂಡ 1987ರಿಂದ ಇದೆ. ಅವರು ಬಣ್ಣದ ಪ್ಯಾರಾಚೂಟ್‌ನಲ್ಲಿ ಇಳಿಯುವಾಗ ಜನ ಎದ್ದು ನಿಂತು ಕೂಗುತ್ತಾರೆ. ಅವರನ್ನು ಇಳಿಸಿದ ವಿಮಾನ ಆಗಲೇ ಮೋಡದ ಆಚೆ ಹೋಗಿರುತ್ತದೆ. ಅದರ ಕಡೆ ಯಾರೂ ಕೈ ಬೀಸುವುದಿಲ್ಲ.

ನಮ್ಮ ಬಿದ್ರಿ ಕೆಲಸ ನೋಡ್ರಿ. ಬೀದರ್‌ನ ಹೆಸರು ಲೋಕಕ್ಕೆಲ್ಲ ಹೋದದ್ದು ಅದರಿಂದ. ಕಪ್ಪು ಹೂಜಿಯ ಮೇಲೆ ಬೆಳ್ಳಿಯ ಬಳ್ಳಿ ಮಿಂಚುತ್ತದೆ. ಎಲ್ಲರೂ ಬೆಳ್ಳಿಯನ್ನು ಹೊಗಳುತ್ತಾರೆ. ಆದರೆ ಆ ಕಪ್ಪು ಎಲ್ಲಿಂದ ಬಂತು? ಹಳೇ ಕೋಟೆಯ ಮಣ್ಣಿನಿಂದ. ಆ ಮಣ್ಣು ತಾಗಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಕಪ್ಪಾಗುವುದಿಲ್ಲ. ಮಣ್ಣು ತನ್ನ ಕೆಲಸ ಮಾಡಿದ ಮೇಲೆ ಅದನ್ನು ತೊಳೆದು ಹಾಕುತ್ತಾರೆ. ಬೆಳ್ಳಿ ಮಿಂಚುವುದು ಮಣ್ಣಿನಿಂದ. ದೇವರ ರಾಜ್ಯದಲ್ಲಿ ಬೆಳ್ಳಿಯಾಗಲು ಎಲ್ಲರೂ ಪ್ರಾರ್ಥಿಸುತ್ತಾರೆ. "ಕರ್ತನೇ, ನನ್ನನ್ನು ಮಣ್ಣಾಗಿ ಉಪಯೋಗಿಸು" ಎಂದು ಎಷ್ಟು ಮಂದಿ ಪ್ರಾರ್ಥಿಸುತ್ತೇವೆ?

ಬಾರ್ನಬನು ಹಾಗೆ ಪ್ರಾರ್ಥಿಸಿದವನು. ಓದಿದ ಭಾಗದ 27ನೇ ವಚನ ನೋಡಿ. ಯೆರೂಸಲೇಮಿನಲ್ಲಿ ಎಲ್ಲರೂ ಸೌಲನಿಗೆ ಹೆದರಿದಾಗ ಕೈಹಿಡಿದು ಅಪೊಸ್ತಲರ ಹತ್ತಿರ ಕರೆದುಕೊಂಡು ಹೋದವನು ಬಾರ್ನಬ. 11ನೇ ಅಧ್ಯಾಯದಲ್ಲಿ ತಾರ್ಸದವರೆಗೆ ಹೋಗಿ, ಸೌಲನನ್ನು ಹುಡುಕಿ ಅಂತಿಯೋಕ್ಯಕ್ಕೆ ತಂದವನೂ ಬಾರ್ನಬ. 13ನೇ ಅಧ್ಯಾಯದ ಆರಂಭದಲ್ಲಿ "ಬಾರ್ನಬ, ಸೌಲ" ಎಂಬ ಕ್ರಮ ಇದೆ. ಅದೇ ಅಧ್ಯಾಯ ಮುಗಿಯುವ ಹೊತ್ತಿಗೆ "ಪೌಲ, ಬಾರ್ನಬ" ಆಗಿದೆ. ಹೆಸರು ಹಿಂದೆ ಹೋಯಿತು. ಬಾರ್ನಬನು ಜಗಳ ಮಾಡಿದನೋ? ಹೆಸರಿನ ಕ್ರಮಕ್ಕಾಗಿ ಮಾಡಲಿಲ್ಲ. ತಾನು ಮೇಲಕ್ಕೆ ಒಯ್ದವನು ತನಗಿಂತ ಎತ್ತರ ಹಾರಿದಾಗ ಸಂತೋಷಪಡುವವನೇ ಹಗ್ಗ ಹಿಡಿಯಲು ಯೋಗ್ಯನು. ಆಮೆನ್ ಹೇಳ್ರಿ.

ಹಾಗಾದರೆ ತಮ್ಮಾ, ನಿನ್ನನ್ನು ನೀನೇ ಪರೀಕ್ಷಿಸಿಕೋ. ಪೈಲಟ್ ಆಗಬೇಕೆಂಬ ಆಸೆ ಎಲ್ಲಿಂದ ಹುಟ್ಟಿದೆ? ಬಿಡುವಿನಲ್ಲಿ ಬಿಟ್ಟಿ ಜಂಪ್ ಸಿಗುತ್ತದೆ ಎಂದೋ? ಡ್ರಾಪ್ ಝೋನ್ ಬಿಟ್ಟು ಇರಲಾಗುವುದಿಲ್ಲ ಎಂದೋ? ಇಲ್ಲಿ ಹಾರಾಟದ ಗಂಟೆ ಕೂಡಿಸಿಕೊಂಡು ಮುಂದೆ ದೊಡ್ಡ ಕಂಪನಿಯ ವಿಮಾನಕ್ಕೆ ಹೋಗಬಹುದು ಎಂದೋ? ಅದೂ ಪಾಪ ಅಲ್ಲ. ಬಹಳ ಮಂದಿ ಪೈಲಟ್‌ಗಳು ಹಾಗೆಯೇ ಬೆಳೆಯುತ್ತಾರೆ. ಆದರೆ ಕಾರಣ ಯಾವುದೆಂದು ನಿನಗೆ ಗೊತ್ತಿರಬೇಕು. ಯಾಕೆಂದರೆ ಜಿಗಿಯುವುದನ್ನು ಪ್ರೀತಿಸುವುದು ಒಂದು, ವಿಮಾನ ನಡೆಸುವುದನ್ನು ಪ್ರೀತಿಸುವುದು ಇನ್ನೊಂದು. ಹಬ್ಬದ ಊಟ ಇಷ್ಟ ಎಂದು ಅಡುಗೆ ಭಟ್ಟನಾದವನು, ಬಡಿಸಿ ಬಡಿಸಿ ಕೊನೆಗೆ ತಣ್ಣನೆ ಅನ್ನ ತಿನ್ನಬೇಕಾದಾಗ ಗೊಣಗಬಾರದು.

ಎರಡನೆಯದು: "ಬೇಡ" ಎಂದು ಹೇಳಲು ನಿನಗೆ ಆಗುತ್ತದೋ?

ಈಗ ಅಪೊಸ್ತಲರ ಕೃತ್ಯಗಳು 27ಕ್ಕೆ ಬನ್ನಿ. ಅದೇ ಪೌಲ. ಈಗ ಕೈದಿಯಾಗಿ ಹಡಗಿನಲ್ಲಿ ರೋಮಾಪುರಕ್ಕೆ ಹೋಗುತ್ತಿದ್ದಾನೆ. ಕ್ರೇತ ದ್ವೀಪದ ಒಂದು ರೇವಿನಲ್ಲಿ ಹಡಗು ನಿಂತಿದೆ. ಉಪವಾಸದ ದಿನ ದಾಟಿ ಚಳಿಗಾಲ ಹತ್ತಿರವಾಗಿದೆ. ಸಮುದ್ರ ಪ್ರಯಾಣಕ್ಕೆ ಕಾಲ ಸರಿಯಿಲ್ಲ. ಪೌಲನು ಎಚ್ಚರಿಸುತ್ತಾನೆ: ಈಗ ಹೊರಟರೆ ಸರಕಿಗೂ ಹಡಗಿಗೂ ಮಾತ್ರವಲ್ಲ, ನಮ್ಮ ಪ್ರಾಣಕ್ಕೂ ಹಾನಿ ಎಂದು. ಆದರೆ ಶತಾಧಿಪತಿ ಯಾರ ಮಾತು ಕೇಳಿದ? ಹಡಗು ನಡೆಸುವವನ ಮಾತು, ಹಡಗಿನ ಯಜಮಾನನ ಮಾತು. ಆ ರೇವು ಚಳಿಗಾಲ ಕಳೆಯಲು ಅನುಕೂಲವಾಗಿರಲಿಲ್ಲ. ಹೆಚ್ಚಿನವರು "ಹೋಗೋಣ" ಎಂದರು. ಅಷ್ಟರಲ್ಲಿ ತೆಂಕಣ ಗಾಳಿ ಮೆಲ್ಲಗೆ ಬೀಸಿತು. "ನೋಡ್ರಿ, ಗಾಳಿ ಎಷ್ಟು ಛಲೋ ಅದ" ಎಂದು ಲಂಗರು ಎತ್ತಿದರು.

ಸ್ವಲ್ಪ ಹೊತ್ತಿಗೆ ಹುಚ್ಚು ಗಾಳಿ ಬಡಿಯಿತು. ಹದಿನಾಲ್ಕನೆಯ ರಾತ್ರಿಯ ತನಕ ಅಲೆದಾಡಿದರು. ಸೂರ್ಯ ಇಲ್ಲ, ನಕ್ಷತ್ರ ಇಲ್ಲ. ಹಡಗಿನಲ್ಲಿ 276 ಮಂದಿ. ಕೊನೆಗೆ ಹಡಗು ಒಡೆಯಿತು. ದೇವರ ಕೃಪೆಯಿಂದ ಒಂದು ಪ್ರಾಣವೂ ಹೋಗಲಿಲ್ಲ. ಅದು ದೇವರ ಕರುಣೆ, ನಾವಿಕನ ಜಾಣತನ ಅಲ್ಲ.

ಪ್ರಿಯರೇ, ಆ ನಾವಿಕನಿಗೆ ಸಮುದ್ರ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅನುಭವಸ್ಥನು. ಅವನಲ್ಲಿ ಕಡಿಮೆ ಇದ್ದದ್ದು ವಿದ್ಯೆ ಅಲ್ಲ. ಯಜಮಾನನಿಗೆ ಹೋಗಬೇಕು, ಜನರಿಗೆ ಹೋಗಬೇಕು, ಗಾಳಿ ಮೆಲ್ಲಗೆ ಬೀಸುತ್ತಿದೆ. ಆಗ "ಇಲ್ಲ, ನಾನು ಲಂಗರು ಎತ್ತುವುದಿಲ್ಲ" ಎನ್ನುವ ಎದೆ ಇರಲಿಲ್ಲ.

ಜಂಪ್ ಪೈಲಟ್‌ನ ಕೆಲಸದ ಗುಟ್ಟು ಇಲ್ಲೇ ಇದೆ. ವಿಮಾನ ಎತ್ತುವುದನ್ನು ಶಾಲೆಯಲ್ಲಿ ಕಲಿಸುತ್ತಾರೆ. ಎತ್ತದೆ ಇರುವುದನ್ನು ಯಾರು ಕಲಿಸುತ್ತಾರೆ? ಕೆಳಗೆ ಗಾಳಿ ಜೋರಾಗಿದೆ, ಹೊಸಬರು ಇಳಿಯುವಾಗ ಕಾಲು ಮುರಿದುಕೊಳ್ಳುತ್ತಾರೆ. ಮೋಡ ಮುಚ್ಚುತ್ತಿದೆ, ನೆಲ ಕಾಣುವುದಿಲ್ಲ. ತೂಕ ಹೆಚ್ಚಾಗಿದೆ. ಇನ್ನೊಂದು ಸುತ್ತಿಗೆ ಇಂಧನ ಸಾಲದು. ಮೇಲೆ ಹೋದ ಮೇಲೂ ಅಷ್ಟೇ. ಎಲ್ಲರೂ ಒಮ್ಮೆಲೇ ಬಾಗಿಲ ಹತ್ತಿರ ನುಗ್ಗಿದರೆ ತೂಕ ಹಿಂದಕ್ಕೆ ಸರಿದು, ನಿಧಾನವಾಗಿ ಹೋಗುತ್ತಿರುವ ವಿಮಾನ ಹತೋಟಿ ತಪ್ಪಬಹುದು. ಆಗ "ಕೂತ್ಕೋರಿ" ಎಂದು ಗದರಬೇಕು. ಒಬ್ಬನ ಪ್ಯಾರಾಚೂಟ್ ಬಾಗಿಲಲ್ಲೇ ಬಿಚ್ಚಿಕೊಂಡು ವಿಮಾನದ ಬಾಲಕ್ಕೆ ಸಿಕ್ಕರೆ ಎಲ್ಲರ ಪ್ರಾಣವೂ ಹೋಗಬಹುದು. ಇಂಥ ಸಮಯದಲ್ಲಿ "ಇವತ್ತು ಸಾಕು, ಎಲ್ಲರೂ ನನ್ನ ಜೊತೆ ವಿಮಾನದಲ್ಲೇ ಇಳಿಯಿರಿ" ಎನ್ನಬೇಕು. ಅವರು ದುಡ್ಡು ಕೊಟ್ಟವರು, ದೂರದಿಂದ ಬಂದವರು, ನಿನ್ನ ಗೆಳೆಯರು. ಮುಖ ಊದಿಸಿಕೊಳ್ಳುತ್ತಾರೆ. "ಇವನಿಗೆ ಧೈರ್ಯ ಇಲ್ಲ" ಎನ್ನುತ್ತಾರೆ.

ಇಲ್ಲಿ ಒಂದು ವಿಷಯ ಗಮನಿಸಿ. ಜಿಗಿಯುವ ಹುಚ್ಚು ಇದ್ದವನು ಪೈಲಟ್ ಆದರೆ ಒಳ್ಳೆಯದೂ ಉಂಟು, ಅಪಾಯವೂ ಉಂಟು. ಒಳ್ಳೆಯದು ಏನೆಂದರೆ, ಬಾಗಿಲಲ್ಲಿ ನಿಂತವನ ಎದೆ ಬಡಿತ ಅವನಿಗೆ ಗೊತ್ತು. ಎಲ್ಲಿ ಇಳಿಸಿದರೆ ಎಲ್ಲಿ ಬೀಳುತ್ತಾರೆ ಎಂಬುದು ತನ್ನ ಮೈಯಿಂದಲೇ ಕಲಿತಿದ್ದಾನೆ. ಅಪಾಯ ಏನೆಂದರೆ, ಅವರ ಆಸೆಯೇ ಅವನ ಆಸೆ. "ಇನ್ನೊಂದೇ ಸುತ್ತು ಅಣ್ಣಾ, ಹೊತ್ತು ಮುಳುಗೋದ್ರೊಳಗ ಒಂದೇ" ಎಂದು ಅವರು ಬೇಡಿಕೊಂಡರೆ, ಬೇರೆ ಪೈಲಟ್ ತಲೆ ಅಲ್ಲಾಡಿಸಬಹುದು. ಇವನ ಮನಸ್ಸು ಕರಗುತ್ತದೆ. ಯಾಕೆಂದರೆ ಅವನೂ ನಿನ್ನೆ ಹಾಗೆಯೇ ಬೇಡಿಕೊಂಡವನು. ನೀನು ಯಾವುದನ್ನು ಬಹಳ ಪ್ರೀತಿಸುತ್ತೀಯೋ ಅದಕ್ಕೆ "ಬೇಡ" ಎನ್ನುವುದೇ ಬಹಳ ಕಷ್ಟ.

ಯೇಸು ಸ್ವಾಮಿಯನ್ನು ನೋಡಿ. ಮತ್ತಾಯ 4ನೇ ಅಧ್ಯಾಯ. ಸೈತಾನನು ಆತನನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೆಳಗೆ ಧುಮುಕು ಎಂದನು. ವಾಕ್ಯವನ್ನೂ ತೋರಿಸಿದನು, ದೂತರು ಹಿಡಿಯುತ್ತಾರೆ ಎಂದನು. ಯೇಸುವಿಗೆ ಧೈರ್ಯ ಇರಲಿಲ್ಲವೇ? ಶಿಲುಬೆಗೆ ಹೋದವನಿಗೆ ಧೈರ್ಯ ಕಡಿಮೆಯೇ? ಆದರೂ ಆತನು ಜಿಗಿಯಲಿಲ್ಲ. ದೇವರನ್ನು ಪರೀಕ್ಷಿಸಬಾರದು ಎಂದು ಉತ್ತರ ಕೊಟ್ಟನು. ಸ್ತೋತ್ರ! ಹಾಗಾದರೆ ಪ್ಯಾರಾಚೂಟ್ ಕಟ್ಟಿ ಜಿಗಿಯುವುದು ಪಾಪವೋ ಪಾಸ್ಟರ್, ಎಂದು ಕೆಲವರು ಕೇಳುತ್ತಾರೆ. ಕಲಿತು, ಸಾಮಾನು ಪರೀಕ್ಷಿಸಿ, ನಿಯಮ ಪಾಲಿಸಿ ಮಾಡುವುದು ಬೇರೆ. "ಏನಾಗಲ್ಲ, ದೇವರು ಇದ್ದಾನೆ" ಎಂದು ನಿಯಮ ಬಿಟ್ಟು ಮಾಡುವುದು ಬೇರೆ. ಹೆಲ್ಮೆಟ್ ಇಲ್ಲದೆ ಭಾಲ್ಕಿ ರಸ್ತೆಯಲ್ಲಿ ಮೂವರು ಕೂತು ಬೈಕ್ ಓಡಿಸುವವನು ಶಿಖರದ ಮೇಲೆ ನಿಂತವನೇ. ಎತ್ತರ 10,000 ಅಡಿ ಆಗಬೇಕೆಂದೇನಿಲ್ಲ.

ಆದ್ದರಿಂದ ತಮ್ಮಾ, ಇದು ನಿನ್ನ ಎರಡನೆಯ ಪರೀಕ್ಷೆ. ಇವತ್ತಿನವರೆಗೆ ನೀನು ಎಷ್ಟು ಸಲ ಜಿಗಿದೆ ಎಂದು ಲೆಕ್ಕ ಇಟ್ಟಿದ್ದೀಯ. ಎಷ್ಟು ಸಲ ವಿಮಾನದ ಹತ್ತಿರ ಹೋಗಿ, ಗಾಳಿ ಸರಿಯಿಲ್ಲ ಎಂದು ನೀನೇ ಹಿಂದಿರುಗಿದ್ದೀಯ? ಆ ಲೆಕ್ಕ ತೆಗೆ. ಪೈಲಟ್ ಆಗುವವನ ನಿಜವಾದ ಲೆಕ್ಕ ಅದು.

ಮೂರನೆಯದು: ಕೂತು ಲೆಕ್ಕ ಮಾಡಿದ್ದೀಯೋ?

ಲೂಕ 14ರಲ್ಲಿ ಕರ್ತನು ಬುರುಜು ಕಟ್ಟುವವನ ಮಾತು ಹೇಳುತ್ತಾನೆ. ಕಟ್ಟುವ ಮೊದಲು ಕೂತುಕೊಂಡು, ಮುಗಿಸಲು ತನ್ನ ಹತ್ತಿರ ಇದೆಯೋ ಎಂದು ಲೆಕ್ಕ ನೋಡಬೇಡವೇ? ಅಸ್ತಿವಾರ ಹಾಕಿ ಬಿಟ್ಟರೆ ನೋಡಿದವರು ನಗುತ್ತಾರೆ. ಯೇಸು ಸ್ವಾಮಿ ಶಿಷ್ಯತ್ವದ ಬಗ್ಗೆ ಹೇಳಿದ್ದು ಇದು. ಆದರೆ ಲೆಕ್ಕ ನೋಡುವುದು ಅಪನಂಬಿಕೆ ಅಲ್ಲ ಎಂಬುದನ್ನೂ ಇಲ್ಲಿ ಕಲಿಯುತ್ತೇವೆ. ನಮ್ಮಲ್ಲಿ ಕೆಲವರು ಲೆಕ್ಕ ಕೇಳಿದರೆ "ಪಾಸ್ಟರ್‌ಗೆ ನಂಬಿಕೆ ಕಡಿಮೆ" ಎನ್ನುತ್ತಾರೆ. ಲೆಕ್ಕ ಮಾಡಲು ಹೇಳಿದ್ದು ನಾನಲ್ಲ, ಕರ್ತನು.

ಕಮರ್ಷಿಯಲ್ ಪೈಲಟ್ ಲೈಸನ್ಸ್‌ಗೆ ನಮ್ಮ ದೇಶದಲ್ಲಿ 200 ಗಂಟೆ ಹಾರಾಟ ಬೇಕು. ಅದರಲ್ಲಿ 100 ಗಂಟೆ ತಾನೇ ಹೊಣೆಗಾರನಾಗಿ ಹಾರಿಸಬೇಕು. ಹವಾಮಾನ, ದಾರಿ ಲೆಕ್ಕ, ವಿಮಾನದ ತಂತ್ರ, ನಿಯಮಗಳು ಇವೆಲ್ಲದರ ಪರೀಕ್ಷೆ ಡಿಜಿಸಿಎ ನಡೆಸುತ್ತದೆ. ರೇಡಿಯೋದಲ್ಲಿ ಮಾತಾಡಲು ಬೇರೆ ಲೈಸನ್ಸ್. ಮೊದಲು ಎರಡನೇ ದರ್ಜೆಯ, ಆಮೇಲೆ ಒಂದನೇ ದರ್ಜೆಯ ವೈದ್ಯಕೀಯ ಪರೀಕ್ಷೆ. ಖರ್ಚು ಹತ್ತಾರು ಲಕ್ಷ. ಕಲಿಯುವ ಶಾಲೆ ದೂರ ಇಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ್ದೇ ಇದೆ. ನಮ್ಮ ಕಲಬುರಗಿ ವಿಮಾನ ನಿಲ್ದಾಣದಲ್ಲೂ ತರಬೇತಿ ವಿಮಾನಗಳು ಹಾರುತ್ತವೆ. ಆದರೆ ಜಂಪ್ ಪೈಲಟ್ ಕೆಲಸ ನಮ್ಮ ದೇಶದಲ್ಲಿ ಎಷ್ಟು ಕಡೆ ಇದೆ? ಹರಿಯಾಣದ ನಾರ್ನೌಲ್‌ನಂಥ ಬೆರಳೆಣಿಕೆಯ ಜಾಗಗಳಲ್ಲಿ. ಇದನ್ನೂ ಲೆಕ್ಕಕ್ಕೆ ಹಾಕಬೇಕು. ಹೊಲ ಮಾರಿದ ಮೇಲೆ ಈ ಲೆಕ್ಕ ಮಾಡಿದರೆ ಪ್ರಯೋಜನವಿಲ್ಲ.

ಹಾಗಾಗಿ ಆ ಮನೆಯವರಿಗೆ ನಾನು ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ, ಬೇರೆ ಮನೆಗಳಿಗೂ ಉಪಯೋಗವಾಗುತ್ತದೆ.

ಹೊಲಕ್ಕೆ ಕೈ ಹಾಕುವ ಮೊದಲು ವೈದ್ಯಕೀಯ ಪರೀಕ್ಷೆ ಮುಗಿಸು. ಕಣ್ಣು, ಕಿವಿ, ಹೃದಯ ಸರಿಯಿಲ್ಲ ಎಂದು ಬಂದರೆ ಕರ್ತನು ಆ ಬಾಗಿಲು ಮುಚ್ಚಿದ ಎಂದು ಸ್ತೋತ್ರ ಹೇಳಬಹುದು. ಎರಡು ಎಕರೆ ತೊಗರಿ ಹೊಲವಾದರೂ ಉಳಿಯುತ್ತದೆ.

ಒಂದು ಪೂರ್ತಿ ಹಂಗಾಮು ಡ್ರಾಪ್ ಝೋನ್‌ನಲ್ಲಿ ನೆಲದ ಕೆಲಸ ಮಾಡು. ಜಿಗಿಯಬೇಡ. ಇಂಧನ ಹಾಕು, ಗಾಳಿ ಬರೆದುಕೋ, ಜನರನ್ನು ಸಾಲು ನಿಲ್ಲಿಸು, ಅವಕಾಶ ಕೊಟ್ಟರೆ ಪೈಲಟ್ ಪಕ್ಕ ಕೂತು ನೋಡು. ಬೇರೆಯವರು ಜಿಗಿದು ನಗುತ್ತಾ ಬರುವಾಗ ನಿನ್ನ ಮುಖ ಅರಳುತ್ತದೋ, ಬಾಡುತ್ತದೋ? ಅದೇ ನಿನಗೆ ಉಪವಾಸ. ಹೊಟ್ಟೆಯ ಉಪವಾಸಕ್ಕಿಂತ ಆ ಉಪವಾಸದಲ್ಲಿ ಕರ್ತನು ನಿನಗೆ ಹೆಚ್ಚು ಮಾತಾಡುತ್ತಾನೆ.

ಅಪ್ಪ, ಅವ್ವ, ಅಕ್ಕ, ಮಾವ ಎಲ್ಲರೂ ಒಂದು ಕಡೆ ಕೂತು ಮಾತಾಡಿ. ಫೋನಿನಲ್ಲಿ ಬೇಡ. ಸಾಲ ಎಷ್ಟು, ಬಡ್ಡಿ ಎಷ್ಟು, ಮೂರು ವರ್ಷ ಕೆಲಸ ಸಿಗದಿದ್ದರೆ ಮನೆ ಹೇಗೆ ನಡೆಯುತ್ತದೆ, ಕಾಗದದ ಮೇಲೆ ಬರೆಯಿರಿ. ಪ್ರಾರ್ಥನೆಯಿಂದ ಶುರು ಮಾಡಿ, ಪ್ರಾರ್ಥನೆಯಿಂದ ಮುಗಿಸಿ.

ಅವ್ವಾ, ನಿಮಗೆ ಒಂದು ಮಾತು. ನಿಮ್ಮ ಕಣ್ಣೀರನ್ನು ಕರ್ತನು ಕಂಡಿದ್ದಾನೆ. ನೀವು ಹೆದರುವುದು ತಪ್ಪಲ್ಲ. ಚಿಕ್ಕ ವಿಮಾನದ ಕೆಲಸದಲ್ಲಿ ಅಪಾಯ ಇದೆ, ಇಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಹೆದರಿಕೆ ಒಂದನ್ನೇ ಕರ್ತನ ಸ್ವರ ಎಂದು ತಿಳಿಯಬೇಡಿ. ಮೋಶೆಯ ತಾಯಿ ಜಂಬುಹುಲ್ಲಿನ ಪೆಟ್ಟಿಗೆಯನ್ನು ನದಿಯಲ್ಲಿ ಇಟ್ಟಳು. ಸುಮ್ಮನೆ ಇಟ್ಟಳೋ? ರಾಳ, ಕೀಲು ಹಚ್ಚಿ, ನೀರು ಒಳಗೆ ಬರದಂತೆ ಮಾಡಿ ಇಟ್ಟಳು. ಅಕ್ಕ ದೂರದಲ್ಲಿ ನಿಂತು ನೋಡುತ್ತಿದ್ದಳು. ನಂಬಿಕೆ ಎಂದರೆ ಅದು. ಅಳುತ್ತಾ ತಡೆಯುವುದೂ ಅಲ್ಲ, ಕಣ್ಣು ಮುಚ್ಚಿ ಬಿಡುವುದೂ ಅಲ್ಲ. ಬಿರುಕು ಮುಚ್ಚಿ, ಆಮೇಲೆ ಬಿಡುವುದು. ಮಗನಿಗೆ ಪ್ರಶ್ನೆ ಕೇಳಿ. ಅವನ ಉತ್ತರದಲ್ಲಿ ಬಿರುಕು ಇದೆಯೋ ನೋಡಿ.

ಇದೆಲ್ಲ ಮಾಡಿ ಕೊನೆಗೆ ಅವನು "ಬೇಡ ಪಾಸ್ಟರ್, ನಾನು ಜಿಗಿಯುವವನೇ, ನಡೆಸುವವನಲ್ಲ" ಎಂದು ಬಂದರೆ ಅದೂ ಸೋಲಲ್ಲ. ಬೇರೆ ಕೆಲಸ ಮಾಡಿಕೊಂಡು, ವರ್ಷಕ್ಕೆ ನಾಲ್ಕು ಸಲ ಜಿಗಿದು, ಕರ್ತನು ಮಾಡಿದ ಆಕಾಶವನ್ನು ನೋಡಿ ಸಂತೋಷಪಡಲಿ. ಪ್ರೀತಿಸಿದ್ದೆಲ್ಲವನ್ನೂ ಹೊಟ್ಟೆಪಾಡು ಮಾಡಿಕೊಳ್ಳಬೇಕೆಂದಿಲ್ಲ. ಪೌಲನು ಗುಡಾರ ಹೊಲಿದು ಊಟ ಮಾಡಿದ. "ಹೌದು, ನಾನು ಹಗ್ಗ ಹಿಡಿಯುತ್ತೇನೆ" ಎಂದು ಬಂದರೆ ಈ ಸಭೆ ಅವನ ತಲೆಯ ಮೇಲೆ ಕೈಯಿಟ್ಟು ಕಳಿಸುತ್ತದೆ. ಎರಡರಲ್ಲೂ ಅವನು ನಮ್ಮ ಮಗನೇ. ಆಮೆನ್?

ಈಗ ಉಳಿದವರೆಲ್ಲ "ನಾವು ವಿಮಾನ ಹತ್ತುವವರಲ್ಲ, ಈ ಸಂದೇಶ ನಮಗಲ್ಲ" ಎಂದು ಕೂರಬೇಡಿ. ಔರಾದ್‌ನಿಂದ ಶಾಲೆಯ ಮಕ್ಕಳನ್ನು ಜೀಪಿನಲ್ಲಿ ತರುವ ಅಣ್ಣ, ನಿನ್ನ ಕೈಯಲ್ಲಿ ಹಗ್ಗ ಇದೆ. ಹದಿನೈದು ಮಕ್ಕಳನ್ನು ತುಂಬು ಎಂದರೆ "ಬೇಡ" ಎನ್ನುತ್ತೀಯೋ? ರಾತ್ರಿ ಪಾಳಿಯ ನರ್ಸ್ ಅಕ್ಕ, ನಿನ್ನ ಕೈಯಲ್ಲಿ ಹಗ್ಗ ಇದೆ. ಭಾನುವಾರ ಶಾಲೆ ಕಲಿಸುವವರೇ, ನೀವು ಕಲಿಸಿದ ಹುಡುಗ ನಿಮಗಿಂತ ಚೆನ್ನಾಗಿ ಪ್ರಸಂಗ ಮಾಡಿದಾಗ ನಿಮ್ಮ ಮುಖ ಅರಳುತ್ತದೋ? ನಮ್ಮ ವಾಯುನೆಲೆಯ ಹಾಕ್ ವಿಮಾನದಲ್ಲಿ ಕಲಿಯುವ ಹುಡುಗ ಮುಂದಿನ ಸೀಟಿನಲ್ಲಿ ಕೂರುತ್ತಾನೆ, ಕಲಿಸುವವನು ಹಿಂದೆ. ನಿಮ್ಮನ್ನು ಕರ್ತನು ಹಿಂದಿನ ಸೀಟಿನಲ್ಲಿ ಕೂಡಿಸಿದರೆ ಕೂರುತ್ತೀರೋ?

ಇನ್ನೊಂದೇ ಮಾತು ಹೇಳಿ ಪ್ರಾರ್ಥನೆಗೆ ಹೋಗೋಣ. ಪೌಲನು ಇಳಿದಾಗ ಶಿಷ್ಯರು ಹಗ್ಗ ಹಿಡಿದಿದ್ದರು. ನನ್ನ ಯೇಸು ಪರಲೋಕ ಬಿಟ್ಟು ಕೆಳಗೆ ಇಳಿದಾಗ, ದಾಸನ ರೂಪಕ್ಕೆ ಇಳಿದು, ಮರಣದವರೆಗೆ ಇಳಿದು, ಶಿಲುಬೆಯವರೆಗೆ ಇಳಿದಾಗ ಯಾರು ಹಗ್ಗ ಹಿಡಿದಿದ್ದರು? ಶಿಷ್ಯರು ಓಡಿಹೋಗಿದ್ದರು. ಜನರು ನಗುತ್ತಿದ್ದರು. ನಮ್ಮನ್ನು ಮೇಲಕ್ಕೆ ಒಯ್ಯಲು ಆತನು ಒಬ್ಬನೇ ಇಳಿದನು. ಮೂರನೆಯ ದಿನ ಎದ್ದನು. ಈಗ ನಿನ್ನ ಹಗ್ಗ ಆ ಗಾಯವಾದ ಕೈಯಲ್ಲಿದೆ. ಆ ಕೈ ಬಿಡುವುದಿಲ್ಲ! ಹಲ್ಲೆಲೂಯಾ! ಆ ಕೈಯನ್ನು ಇನ್ನೂ ಹಿಡಿಯದವರು ಇಲ್ಲಿದ್ದರೆ, ಪೈಲಟ್ ಆಗುವುದೋ ಬೇಡವೋ, ಹೊಲ ಮಾರುವುದೋ ಬೇಡವೋ, ಅದೆಲ್ಲ ಆಮೇಲೆ. ಮೊದಲು ಇದನ್ನು ತೀರ್ಮಾನ ಮಾಡಿ.

ಎದ್ದು ನಿಲ್ಲೋಣ. ಕೈಗಳನ್ನು ಎತ್ತಿ.

ಪರಲೋಕದ ತಂದೆಯೇ, ನಿಮಗೆ ಸ್ತೋತ್ರ. ತೀರ್ಮಾನದ ಬಾಗಿಲಲ್ಲಿ ನಿಂತಿರುವ ನಮ್ಮ ಮಕ್ಕಳನ್ನು ನಿಮ್ಮ ಕೈಗೆ ಒಪ್ಪಿಸುತ್ತೇವೆ. ಹೋಗು ಎಂದರೆ ಹೋಗುವ ಧೈರ್ಯ ಕೊಡಿರಿ. ನಿಲ್ಲು ಎಂದರೆ ನಿಲ್ಲುವ ಧೈರ್ಯ ಕೊಡಿರಿ. ಮೆಲ್ಲಗೆ ಬೀಸುವ ಗಾಳಿಗೆ ಮೋಸಹೋಗದ ವಿವೇಕ ಕೊಡಿರಿ. ತಂದೆ ತಾಯಿಗಳ ಹೆದರಿಕೆಯನ್ನು ಪ್ರಾರ್ಥನೆಯಾಗಿ ಮಾಡಿರಿ. ನಮ್ಮ ಆಕಾಶದಲ್ಲಿ ಹಾರುವ ಪ್ರತಿಯೊಬ್ಬನನ್ನು, ರಸ್ತೆಯಲ್ಲಿ ಗಾಡಿ ನಡೆಸುವ ಪ್ರತಿಯೊಬ್ಬನನ್ನು ಕಾಯಿರಿ. ಹೆಸರಿಲ್ಲದೆ ಹಗ್ಗ ಹಿಡಿಯಲು ನಮಗೆ ಕಲಿಸಿರಿ. ಭಾಲ್ಕಿಯಲ್ಲಿ, ಔರಾದ್‌ನಲ್ಲಿ, ಬೀದರ್‌ನ ಪ್ರತಿ ಮನೆಯಲ್ಲಿ ನಿಮ್ಮ ಆತ್ಮನು ಇಳಿದು ಬರಲಿ. ಯೇಸುವಿನ ಶ್ರೇಷ್ಠ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್, ಆಮೆನ್.